ತುರಾಯಿ ಮುಡಿದ ಪೆಂಗ್ವಿನ್

ಮನೆಯಲ್ಲಿ ಮಕ್ಕಳ ಭೂಪಟದ ಪುಸ್ತಕವಿದ್ದರೆ ದಯವಿಟ್ಟು ತೆಗೆದು ಎದುರಿಗಿಟ್ಟುಕೊಳ್ಳಿ. ಬೆಂಗಳೂರಿನ ಮೇಲೆ ಬೆರಳಿಡಿ. ಅಲ್ಲಿಂದ ಎಡಕ್ಕೂ ವಾಲದೆ, ಬಲಕ್ಕೂ ವಾಲದೆ, ನೇರವಾಗಿ ಕೆಳಕ್ಕೆ ಬೆರಳನ್ನು ಎಳೆಯಿರಿ. ಬೆರಳು ಕನ್ಯಾಕುಮಾರಿಗೆ ಬಂದು ನಿಲ್ಲುತ್ತದೆ. ಬೆಂಗಳೂರೂ ಕನ್ಯಾಕುಮಾರಿಯೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ; ಎಪ್ಪತ್ತೇಳೂವರೆ ಡಿಗ್ರಿ ಪೂರ್ವ. ಭೂಮಿ ಮುಗಿಯಿತೆಂದು ಅಲ್ಲೇ ನಿಲ್ಲಬೇಡಿ. ನೀಲಿ ಬಣ್ಣದ ಮೇಲೆ ಬೆರಳು ಇನ್ನೂ ಕೆಳಕ್ಕೆ ಸಾಗಲಿ. ಮಾಲ್ಡೀವ್ಸ್ ಎಡಗಡೆಗೆ ಉಳಿಯುತ್ತದೆ. ಭೂಮಧ್ಯರೇಖೆ ದಾಟುತ್ತದೆ, ಮಕರವೃತ್ತ ದಾಟುತ್ತದೆ. ಎಲ್ಲಿಯೂ ಒಂದು ಬಂಡೆ ಸಿಗುವುದಿಲ್ಲ. ಕನ್ಯಾಕುಮಾರಿಯಿಂದ ಸುಮಾರು 5,100 ಕಿಲೋಮೀಟರು ನೀರನ್ನೇ ದಾಟಿದ ಮೇಲೆ, ಒಳ್ಳೆಯ ಭೂಪಟವಾದರೆ, ಎರಡು ಸಾಸಿವೆ ಕಾಳಿನಂಥ ಚುಕ್ಕೆಗಳು ಕಾಣುತ್ತವೆ. ಒಂದರ ಹೆಸರು ಆಂಸ್ಟರ್‌ಡ್ಯಾಂ, ಅದರ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿರುವ ಇನ್ನೊಂದು ಸೇಂಟ್ ಪಾಲ್. ಎರಡೂ ಫ್ರೆಂಚರಿಗೆ ಸೇರಿದ ದ್ವೀಪಗಳು. ಎರಡೂ ಕಡಲೊಳಗಿನ ಜ್ವಾಲಾಮುಖಿಗಳ ತಲೆಗಳು.

ಅಂದರೆ ಕನ್ಯಾಕುಮಾರಿಯ ಬಂಡೆಯ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿದಾಗ ನಮಗೆ ಎದುರುಮನೆಯೆನ್ನಬಹುದಾದ ನೆಲ ಅದೇ. ಆ ಎದುರುಮನೆಯಲ್ಲಿ ವಾಸವಾಗಿರುವವರು ಯಾರು? ಹೇಳಿಕೊಳ್ಳುವಷ್ಟು ಮನುಷ್ಯರಿಲ್ಲ. 1950ರ ಸುಮಾರಿನಿಂದ ಆಂಸ್ಟರ್‌ಡ್ಯಾಂನಲ್ಲಿ ಒಂದು ಸಂಶೋಧನಾ ಠಾಣ್ಯವಿದ್ದು, ಕೆಲವು ಮಂದಿ ಸರದಿಯ ಮೇಲೆ ಬಂದು ಇದ್ದು ಹೋಗುತ್ತಾರೆ. ಸೇಂಟ್ ಪಾಲ್‌ನಲ್ಲಿ ಅಷ್ಟೂ ಇಲ್ಲ. ಅಲ್ಲಿನ ನಿಜವಾದ ಒಕ್ಕಲುಗಳೆಂದರೆ ಹಕ್ಕಿಗಳು ಮತ್ತು ಸೀಲುಗಳು. ಹಕ್ಕಿಗಳಲ್ಲಿ ಒಂದು, ಹಳದಿ ತುರಾಯಿ ಮುಡಿದ, ಕೆಂಪು ಕಣ್ಣಿನ, ಮುಂಗೋಪದ ಒಂದು ಪೆಂಗ್ವಿನ್. ಇಂದು ಅದರ ಪರಿಚಯವನ್ನು ಮಾಡಿಕೊಡಬೇಕೆಂದು ಬಂದಿದ್ದೇನೆ.

ಪೆಂಗ್ವಿನ್ ಎಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಮಂಜುಗಡ್ಡೆ. ಬಿಳಿಯ ಬಯಲು, ಅದರ ಮೇಲೆ ಕರಿಯ ಕೋಟು ತೊಟ್ಟ ವಕೀಲರಂತೆ ಸಾಲಾಗಿ ನಿಂತ ಹಕ್ಕಿಗಳು. ಈ ಚಿತ್ರ ಸುಳ್ಳಲ್ಲ. ಆದರೆ ಪೆಂಗ್ವಿನ್ ವಂಶದ ಹದಿನೆಂಟು ಬಗೆಗಳಲ್ಲಿ ನಾಲ್ಕಾರಕ್ಕೆ ಮಾತ್ರ ಸಲ್ಲುವ ಚಿತ್ರ. ಉಳಿದವು ಮಂಜುಗಡ್ಡೆಯ ಗೊಡವೆಗೆ ಹೋಗುವುದಿಲ್ಲ. ಆಂಸ್ಟರ್‌ಡ್ಯಾಂ ದ್ವೀಪದ ವರ್ಷದ ಸರಾಸರಿ ಉಷ್ಣತೆ 14 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ಉದಕಮಂಡಲಕ್ಕೆ ಹೋಗಿ ಬಂದವರಿಗೆ ಈ ಚಳಿ ಹೊಸದಲ್ಲ. ಒಂದು ಉಣ್ಣೆಯ ಅಂಗಿ, ಒಂದು ಒಳ್ಳೆಯ ಕೊಡೆ ಇದ್ದರೆ ನೀವೂ ನಾನೂ ಅಲ್ಲಿ ಇರಬಹುದು. ಕೊಡೆಯನ್ನು ಗಾಳಿ ಉಳಿಸಿದರೆ, ಎನ್ನುವ ಮಾತು ಬೇರೆ.

ಜುಟ್ಟಿನ ಪೆಂಗ್ವಿನ್‌ಗಳದೇ ಒಂದು ಕುಲವುಂಟು. ಅದಕ್ಕೆ ಪ್ರಾಣಿಶಾಸ್ತ್ರದಲ್ಲಿ ಯೂಡಿಪ್ಟಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಚೆನ್ನಾಗಿ ಮುಳುಗುವವನು ಎಂದು ಅರ್ಥ. ಈ ಕುಲದ ಎಲ್ಲ ಹಕ್ಕಿಗಳಿಗೂ ಹುಬ್ಬಿನ ಜಾಗದಲ್ಲಿ ಹಳದಿ ಗರಿಗಳ ಅಲಂಕಾರ ಉಂಟು. ಕುಲದ ಇನ್ನೊಂದು ಹಕ್ಕಿಗೆ ಇಂಗ್ಲಿಷರು ಮ್ಯಾಕರೋನಿ ಎಂದು ಹೆಸರಿಟ್ಟಿದ್ದಾರೆ. ತಿನ್ನುವ ಮ್ಯಾಕರೋನಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅತಿಯಾಗಿ ಶೋಕಿ ಮಾಡುವ ತರುಣರನ್ನು ಆ ಹೆಸರಿನಿಂದ ಹಾಸ್ಯ ಮಾಡುತ್ತಿದ್ದರು. ಹಕ್ಕಿಯ ತಲೆಯ ಮೇಲಿನ ಹಳದಿ ಗರಿಯನ್ನು ಕಂಡ ನಾವಿಕರಿಗೆ ಊರಿನ ಶೋಕಿಲಾಲರ ನೆನಪಾಯಿತು. ನಮ್ಮ ಹಕ್ಕಿಗೆ ಅವರು ಇಟ್ಟ ಹೆಸರು ರಾಕ್‌ಹಾಪರ್, ಬಂಡೆಯಿಂದ ಬಂಡೆಗೆ ಕುಪ್ಪಳಿಸುವುದು ಎಂದರ್ಥ. ಇದರಲ್ಲಿ ದಕ್ಷಿಣದ್ದು, ಉತ್ತರದ್ದು ಎಂದು ಎರಡು ಬಗೆ. ಬಹುಕಾಲ ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದರು. 2006ರಲ್ಲಿ ಅವುಗಳ ಕೂಗು, ತುರಾಯಿಯ ಉದ್ದ ಮತ್ತು ಆನುವಂಶಿಕ ಗುಣಗಳನ್ನು ಹೋಲಿಸಿ ನೋಡಿದವರು ಇವು ಬೇರೆ ಬೇರೆ ಎಂದು ತೀರ್ಮಾನಿಸಿದರು. ನಾನು ಹೇಳುತ್ತಿರುವುದು ಉತ್ತರದ ರಾಕ್‌ಹಾಪರ್‌ನ ಮಾತು. ಉತ್ತರವೆಂದರೆ ದಕ್ಷಿಣ ಗೋಲಾರ್ಧದೊಳಗಿನ ಉತ್ತರ ಅಷ್ಟೇ, ಗಲಿಬಿಲಿ ಬೇಡ.

ಹಕ್ಕಿ ದೊಡ್ಡದೇನೂ ಅಲ್ಲ. ನಿಂತರೆ ಒಂದೂವರೆ ಅಡಿಗಿಂತ ತುಸು ಎತ್ತರ. ತೂಕ ಎರಡೂವರೆ ಮೂರು ಕಿಲೋ. ಗರಿ ಉದುರಿಸುವ ಕಾಲಕ್ಕೆ ಮೊದಲು ಮೈ ತುಂಬಿಕೊಂಡಾಗ ಇನ್ನೂ ಹೆಚ್ಚು. ಬೆನ್ನು ನೀಲಿಗಪ್ಪು, ಹೊಟ್ಟೆ ಅಚ್ಚ ಬಿಳಿ. ಈ ಎರಡು ಬಣ್ಣಗಳು ಬೆಡಗಿಗಾಗಿ ಬಂದವಲ್ಲ. ಮೇಲಿನಿಂದ ನೋಡುವ ಶತ್ರುವಿಗೆ ಕಪ್ಪು ಬೆನ್ನು ಕಡಲ ಕತ್ತಲಲ್ಲಿ ಬೆರೆತು ಹೋಗುತ್ತದೆ. ಕೆಳಗಿನಿಂದ ನೋಡುವ ಮೀನಿಗೆ ಬಿಳಿ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕಾಣದಾಗುತ್ತದೆ. ಕೊಕ್ಕು ಗಿಡ್ಡ, ದಪ್ಪ, ಇಟ್ಟಿಗೆಗೆಂಪು. ಕಾಲು ನಸುಗೆಂಪು. ಕಣ್ಣು ಕಡುಗೆಂಪು, ನಿದ್ದೆಗೆಟ್ಟು ರೈಲಿನಲ್ಲಿ ಬಂದವರ ಕಣ್ಣಿನಂತೆ.

ಇನ್ನು ತುರಾಯಿ. ಕೊಕ್ಕಿನ ಬುಡದಿಂದ ಕಣ್ಣಿನ ಮೇಲುಭಾಗಕ್ಕೆ ಒಂದು ಹಳದಿ ಗೆರೆ ಹುಬ್ಬಿನಂತೆ ಸಾಗಿ, ಕಣ್ಣು ದಾಟಿದ ಮೇಲೆ ಉದ್ದುದ್ದ ಎಳೆಗಳಾಗಿ ಒಡೆದು ಎರಡು ಪಕ್ಕಗಳಲ್ಲಿಯೂ ಇಳಿಬೀಳುತ್ತದೆ. ನಡುನೆತ್ತಿಯ ಕಪ್ಪು ಗರಿಗಳು ಮಾತ್ರ ನೆಟ್ಟಗೆ ನಿಂತಿರುತ್ತವೆ. ನಮ್ಮ ಪಿಕಳಾರದ ಜುಟ್ಟನ್ನು ನೋಡಿದ್ದೀರಿ. ಅದು ಅಚ್ಚುಕಟ್ಟಾದ ಜುಟ್ಟು. ಇದು ಹಾಗಲ್ಲ. ಮದುವೆ ಮನೆಯ ಗಲಾಟೆಯಲ್ಲಿ ಸರಿದು ಹೋದ ಬಾಸಿಂಗದ ಹಾಗೆ ಓರೆಕೋರೆಯಾಗಿರುತ್ತದೆ. ಗಂಡಿಗೂ ಹೆಣ್ಣಿಗೂ ಒಂದೇ ಬಗೆಯ ತುರಾಯಿ. ಗಂಡಿನ ಮೈ ಸ್ವಲ್ಪ ದೊಡ್ಡದು, ಕೊಕ್ಕು ಸ್ವಲ್ಪ ದಪ್ಪ, ಅಷ್ಟೇ ವ್ಯತ್ಯಾಸ. ಜೊತೆಗಾರರು ಎದುರುಬದುರಾಗಿ ನಿಂತು ತಲೆಯನ್ನು ಅತ್ತಿತ್ತ ಒದರುವಾಗ ಆ ಹಳದಿ ಎಳೆಗಳು ಗಿರಿಗಿರಿ ಸುತ್ತುತ್ತವೆ. ಮರಿಗಳಿಗೆ ಈ ಅಲಂಕಾರವಿಲ್ಲ. ಅದು ವಯಸ್ಸಿಗೆ ಬಂದವರ ಗುರುತು.

ಆ ಗರಿಗಳ ವಿಚಾರ ಇನ್ನೊಂದು ಮಾತು ಹೇಳಬೇಕು. ಮುಂದೆ ಬರುವ ಕತೆಗೆ ಅದು ಬೇಕು. ಪೆಂಗ್ವಿನ್‌ನ ಮೈಮೇಲಿನ ಗರಿಗಳು ಗಿಡ್ಡ, ಗಡುಸು, ಮತ್ತು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂಡಿದವು. ಗರಿಯ ಬುಡದಲ್ಲಿ ನಯವಾದ ತುಪ್ಪಳ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ಈ ಗಾಳಿಯ ಪದರವೇ ಅದರ ಕಂಬಳಿ. ನೀರು ಚರ್ಮವನ್ನು ಮುಟ್ಟುವುದೇ ಇಲ್ಲ. ಬಾಲದ ಬುಡದ ಗ್ರಂಥಿಯಿಂದ ಜಿಡ್ಡು ತೆಗೆದು ಕೊಕ್ಕಿನಿಂದ ದಿನವೂ ಗರಿಗೆ ಸವರಿ, ಒಂದೊಂದನ್ನೂ ಸರಿಪಡಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ಅದಕ್ಕೆ ಸೋಮಾರಿತನವಿಲ್ಲ, ಏಕೆಂದರೆ ಕಂಬಳಿಯಲ್ಲಿ ತೂತು ಬಿದ್ದರೆ ಕಡಲಿಗೆ ಇಳಿಯುವಂತಿಲ್ಲ. ಕಡಲಿಗೆ ಇಳಿಯದಿದ್ದರೆ ಊಟವಿಲ್ಲ. ವರ್ಷಕ್ಕೊಮ್ಮೆ ಹಳೆಯ ಗರಿಗಳೆಲ್ಲ ಉದುರಿ ಹೊಸತು ಬರಬೇಕು. ಆಗ ನಾಲ್ಕು ವಾರದಷ್ಟು ಕಾಲ ದಡದಲ್ಲಿಯೇ ಹಸಿದುಕೊಂಡು ನಿಂತಿರುತ್ತದೆ. ಹಳೆಯ ಗರಿ ಗೊಂಚಲು ಗೊಂಚಲಾಗಿ ಜೋಲುತ್ತಿರುವ ಆ ದಿನಗಳಲ್ಲಿ ಅದರ ಅವತಾರ ನೋಡುವಂತಿರುವುದಿಲ್ಲ.

ಈ ಹಕ್ಕಿ ಎಲ್ಲೆಲ್ಲಿ ಇದೆ ಎಂದು ಕೇಳಿದರೆ ಉತ್ತರ ಬಹಳ ಚಿಕ್ಕದು. ಹಿಂದೂ ಮಹಾಸಾಗರದಲ್ಲಿ ನಮ್ಮ ಎದುರುಮನೆಯ ಆ ಎರಡು ದ್ವೀಪಗಳು. ಅಲ್ಲಿಂದ ಪಶ್ಚಿಮಕ್ಕೆ, ಆಫ್ರಿಕದ ದಕ್ಷಿಣ ತುದಿಯನ್ನೂ ದಾಟಿ, ಏಳು ಸಾವಿರ ಕಿಲೋಮೀಟರಿಗೂ ಆಚೆ ಅಟ್ಲಾಂಟಿಕ್ ಸಾಗರದಲ್ಲಿ ಟ್ರಿಸ್ಟನ್ ಡ ಕೂನ್ಯ ಎಂಬ ದ್ವೀಪಗಳ ಗುಂಪು ಮತ್ತು ಅದರ ದಕ್ಷಿಣದ ಗಾಫ್ ದ್ವೀಪ. ಮರಿ ಮಾಡಲು ಈ ಹಕ್ಕಿ ನೆಲಕ್ಕೆ ಬರುವುದು ಇಷ್ಟೇ ಕಡೆ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹಕ್ಕಿಗಳು ಇರುವುದು ಅಟ್ಲಾಂಟಿಕ್ಕಿನ ಕಡೆ. ಅದರ ಚರಿತ್ರೆಯೂ ಹೆಚ್ಚಾಗಿ ಅಲ್ಲಿಯದೇ ಆದುದರಿಂದ ಇನ್ನು ಮುಂದಿನ ಮಾತಿಗೆ ಟ್ರಿಸ್ಟನ್ನಿಗೆ ಹೋಗೋಣ.

ಟ್ರಿಸ್ಟನ್ ಬ್ರಿಟಿಷರಿಗೆ ಸೇರಿದ್ದು. ಮುಖ್ಯ ದ್ವೀಪದಲ್ಲಿ ಒಂದೇ ಊರು. ಇನ್ನೂರೈವತ್ತರ ಆಸುಪಾಸಿನ ಜನ. ವಿಮಾನ ನಿಲ್ದಾಣವಿಲ್ಲ. ಕೇಪ್‌ಟೌನಿನಿಂದ ಹಡಗು ಹತ್ತಿದರೆ ಸುಮಾರು ಒಂದು ವಾರ. ಹತ್ತಿರದ ನೆರೆಮನೆ ಸೇಂಟ್ ಹೆಲೆನಾ. ಅದು 2,400 ಕಿಲೋಮೀಟರು ದೂರ. 1961ರ ಅಕ್ಟೋಬರಿನಲ್ಲಿ ಊರಿನ ಪಕ್ಕದಲ್ಲಿಯೇ ನೆಲ ಬಿರಿದು ಲಾವಾ ಉಕ್ಕಿದಾಗ ಅಷ್ಟೂ ಜನರನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿದ್ಯುದ್ದೀಪ, ಬಸ್ಸು, ಕಾರ್ಖಾನೆಯ ಕೆಲಸ ಎಲ್ಲವೂ ಇದ್ದ ಆ ದೇಶದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. 1963ರಲ್ಲಿ ಬಹುಪಾಲು ಮಂದಿ ಮತ್ತೆ ತಮ್ಮ ಬಂಡೆಗೇ ಹಿಂದಿರುಗಿದರು. ಪೆಂಗ್ವಿನ್‌ಗೆ ಅವರ ಆಡುಮಾತಿನಲ್ಲಿ ಪಿನ್ನಮಿನ್ ಎಂದು ಹೆಸರು. ಹೆಚ್ಚಿನ ಪಿನ್ನಮಿನ್‌ಗಳು ಇರುವುದು ಊರಿರುವ ದ್ವೀಪದಲ್ಲಲ್ಲ. ಅದರ ಸುತ್ತಲಿನ ನೈಟಿಂಗೇಲ್, ಇನ್ಯಾಕ್ಸೆಸಿಬಲ್ ಎಂಬ ನಿರ್ಜನ ದ್ವೀಪಗಳಲ್ಲಿ. ಇನ್ಯಾಕ್ಸೆಸಿಬಲ್ ಎಂದರೆ ಹತ್ತಲಾಗದ್ದು, ಹೆಸರೇ ಸಾಕು.

ಆಗಸ್ಟ್ ಸುಮಾರಿಗೆ ಗಂಡುಗಳು ಮೊದಲು ದಡಕ್ಕೆ ಬರುತ್ತವೆ. ದಡವೆಂದರೆ ಮರಳಲ್ಲ, ಕರಿಯ ಲಾವಾ ಬಂಡೆಗಳು. ಅವುಗಳ ಮೇಲೆ ಅಪ್ಪಳಿಸುವ ಅಲೆಗಳು. ಅಲೆಯ ಜೊತೆಗೇ ಬಂಡೆಯ ಮೇಲೆ ಬಂದು ಬೀಳಬೇಕು. ಕೊಕ್ಕು, ಉಗುರು, ಈಜುರೆಕ್ಕೆ ಎಲ್ಲದರಿಂದಲೂ ಕಚ್ಚಿ ಹಿಡಿದುಕೊಳ್ಳಬೇಕು. ಹಿಡಿತ ತಪ್ಪಿತೆಂದರೆ ಮತ್ತೆ ಕಡಲಿಗೆ, ಮತ್ತೆ ಇನ್ನೊಂದು ಅಲೆ. ಒಮ್ಮೆ ಕಾಲೂರಿದ ಮೇಲೆ ಮೈಯನ್ನು ಒಮ್ಮೆ ಒದರಿ, ಎರಡೂ ಕಾಲು ಜೋಡಿಸಿಕೊಂಡು, ತಲೆ ಮುಂದೆ ಚಾಚಿ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಮೇಲಕ್ಕೆ ಹೊರಡುತ್ತದೆ. ಹೆಸರು ಸಾರ್ಥಕವಾಗುವುದು ಇಲ್ಲಿ.

ಬಂಡೆ ಮುಗಿದಲ್ಲಿ ಹುಲ್ಲು ತೊಡಗುತ್ತದೆ. ನಮ್ಮ ಕೆರೆಯಂಚಿನ ಜೊಂಡಿನ ಹಾಗೆ ಗುಂಪು ಗುಂಪಾಗಿ, ಆಳೆತ್ತರ ಬೆಳೆಯುವ ಹುಲ್ಲು. ಅದೇ ಹುಲ್ಲು ಹಿಂದೂ ಮಹಾಸಾಗರದ ಆ ಎರಡು ದ್ವೀಪಗಳಲ್ಲಿಯೂ ಉಂಟು. ಸಾವಿರಾರು ಹಕ್ಕಿಗಳು ವರ್ಷವರ್ಷವೂ ತುಳಿದು ಹುಲ್ಲಿನ ನಡುವೆ ಓಣಿಗಳಾಗಿರುತ್ತವೆ; ಓಣಿಯ ಇಕ್ಕೆಲಗಳಲ್ಲಿ ಗೂಡುಗಳು. ಗೂಡೆಂದರೆ ನೆಲದಲ್ಲಿ ಒಂದು ತಗ್ಗು, ಅದರಲ್ಲಿ ನಾಲ್ಕು ಹುಲ್ಲುಕಡ್ಡಿ, ಒಂದೆರಡು ಕಲ್ಲು. ಚಾಲೆಂಜರ್ ಎಂಬ ಪ್ರಸಿದ್ಧವಾದ ಸಂಶೋಧಕ ಹಡಗು 1873ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಾಗ ಅದರಲ್ಲಿದ್ದ ಪ್ರಾಣಿವಿಜ್ಞಾನಿ ಹೆನ್ರಿ ಮೋಸ್ಲಿ ಈ ಓಣಿಗಳಲ್ಲಿ ನುಗ್ಗಿ ನೋಡಿದರು. ಹುಲ್ಲು ತಲೆಯ ಮೇಲೆ ಮುಚ್ಚಿಕೊಂಡು ದಾರಿ ಕಾಣದು, ಕಿವಿ ಗಡಚಿಕ್ಕುವ ಅರಚಾಟ, ಹಿಕ್ಕೆಯ ದುರ್ಗಂಧ, ಹೆಜ್ಜೆಹೆಜ್ಜೆಗೂ ಕಾಲಿಗೆ ಕಚ್ಚುವ ಕೊಕ್ಕುಗಳು. ಮೂರು ಕಿಲೋದ ಹಕ್ಕಿ ಆಳೆತ್ತರದ ಮನುಷ್ಯನಿಗೆ ಹೆದರುವುದಿಲ್ಲ. ಹಕ್ಕಿಯ ಶಾಸ್ತ್ರೀಯ ನಾಮಧೇಯದಲ್ಲಿ ಮೋಸ್ಲಿಯ ಹೆಸರೇ ಸೇರಿದೆ. ಕಚ್ಚಿಸಿಕೊಂಡದ್ದಕ್ಕೆ ಸಂದ ಮರ್ಯಾದೆ ಎನ್ನೋಣ.

ಅದೇ ಹಡಗು ಇನ್ಯಾಕ್ಸೆಸಿಬಲ್ ದ್ವೀಪದಿಂದ ಇಬ್ಬರು ಜರ್ಮನ್ ಅಣ್ಣತಮ್ಮಂದಿರನ್ನು ಪಾರುಮಾಡಿತು. ಸ್ಟೋಲ್ಟೆನ್‌ಹಾಫ್ ಎಂಬ ಈ ಸೋದರರು ಸೀಲ್ ಬೇಟೆಯಾಡಿ ಹಣ ಮಾಡಬೇಕೆಂದು 1871ರಲ್ಲಿ ಅಲ್ಲಿಗೆ ಹೋಗಿ ಇಳಿದವರು. ಸೀಲೂ ಸಾಕಷ್ಟು ಸಿಗಲಿಲ್ಲ, ಹಡಗೂ ಬರಲಿಲ್ಲ. ಹಸಿವಿನಿಂದ ಕಂಗೆಟ್ಟಿದ್ದ ಅವರನ್ನು ಬದುಕಿಸಿದವುಗಳಲ್ಲಿ ಪೆಂಗ್ವಿನ್ ಮೊಟ್ಟೆಗಳೂ ಸೇರಿದ್ದವು.

ಮೊಟ್ಟೆಯ ಮಾತು ಬಂದದ್ದು ಒಳ್ಳೆಯದಾಯಿತು. ಈ ಜುಟ್ಟಿನ ಕುಲದಲ್ಲಿ ಒಂದು ವಿಚಿತ್ರವುಂಟು. ಪಂಡಿತರು ಇಂದಿಗೂ ಅದರ ಬಗ್ಗೆ ವಾದಿಸುತ್ತಿದ್ದಾರೆ. ಹೆಣ್ಣು ಎರಡು ಮೊಟ್ಟೆ ಇಡುತ್ತದೆ. ಮೊದಲನೆಯದು ಚಿಕ್ಕದು. ನಾಲ್ಕೈದು ದಿನ ಬಿಟ್ಟು ಇಡುವ ಎರಡನೆಯದು ಅದಕ್ಕಿಂತ ಮೂರರಲ್ಲೊಂದು ಪಾಲಿನಷ್ಟು ದೊಡ್ಡದು. ಬೇರೆ ಹಕ್ಕಿಗಳಲ್ಲಿ ಚೊಚ್ಚಲಿಗೆ ಮನ್ನಣೆ. ಇಲ್ಲಿ ಚೊಚ್ಚಲು ಮೊಟ್ಟೆಗೆ ದಿಕ್ಕಿಲ್ಲ. ಅನೇಕ ವೇಳೆ ಜಗಳದ ಗದ್ದಲದಲ್ಲಿ ಅದು ಗೂಡಿನಿಂದ ಉರುಳಿ ಹೋಗುತ್ತದೆ, ಇಲ್ಲವೆ ಒಡೆಯುತ್ತದೆ. ಉಳಿದರೂ, ಆಮೇಲೆ ಬಂದ ದೊಡ್ಡ ಮೊಟ್ಟೆಯೇ ಸಾಮಾನ್ಯವಾಗಿ ಮೊದಲು ಒಡೆದು ಮರಿಯಾಗುತ್ತದೆ. ಹಿಂದೆ ಬಿದ್ದ ಚಿಕ್ಕ ಮರಿಗೆ ತುತ್ತು ಸಾಲದು. ಸಾಕುವುದು ಒಂದೇ ಮರಿಯಾದರೆ ಎರಡು ಮೊಟ್ಟೆ ಏಕೆ? ಚಿಕ್ಕದನ್ನೇ ಮೊದಲು ಏಕೆ? ಹೆಣ್ಣು ಕಡಲಿನಲ್ಲಿ ಈಜುತ್ತಿರುವಾಗಲೇ ಮೊದಲ ಮೊಟ್ಟೆ ಅದರ ಮೈಯಲ್ಲಿ ಕಟ್ಟತೊಡಗುತ್ತದೆ, ದೂರದ ಪ್ರಯಾಣದ ಶ್ರಮ ಅದರ ಪಾಲನ್ನು ಕಸಿದುಕೊಳ್ಳುತ್ತದೆ ಎಂದು ಕೆಲವರ ಅಭಿಪ್ರಾಯ. ನನಗೆ ಇದು ಒಪ್ಪಬಹುದಾದ ಮಾತೆಂದು ತೋರುತ್ತದೆ; ಆದರೆ ಹಕ್ಕಿಯೇ ಬಂದು ಸಾಕ್ಷಿ ನುಡಿಯುವವರೆಗೆ ವಾದ ನಿಲ್ಲಲಿಕ್ಕಿಲ್ಲ.

ಕಾವು ಸುಮಾರು 33 ದಿನ. ಅಪ್ಪ ಅಮ್ಮ ಸರದಿಯ ಮೇಲೆ ಕೂರುತ್ತಾರೆ. ಮರಿ ಹೊರಬಂದ ಮೇಲೆ ಮೊದಲ ಮೂರು ನಾಲ್ಕು ವಾರ ಅಪ್ಪ ಗೂಡು ಬಿಟ್ಟು ಅಲುಗುವುದಿಲ್ಲ. ಕೂತೇ ಉಪವಾಸ, ಕಾವಲು ಅವನದು. ಅಮ್ಮ ಬೆಳಗ್ಗೆ ಕಡಲಿಗಿಳಿದು, ಹೊಟ್ಟೆ ತುಂಬಿಕೊಂಡು, ಸಾಯಂಕಾಲ ಬಂದು ಮರಿಯ ಬಾಯಿಗೆ ಕಕ್ಕುತ್ತಾಳೆ. ಆ ಮೇಲೆ ಮರಿಗಳೆಲ್ಲ ಒಂದು ಕಡೆ ಗುಂಪುಗೂಡಿ ನಿಲ್ಲುತ್ತವೆ, ಶಿಶುವಿಹಾರವಿದ್ದಂತೆ. ಆಗ ಅಪ್ಪನಿಗೂ ಊಟಕ್ಕೆ ಹೋಗಲು ಬಿಡುವು. ಬಂದ ತಾಯಿ ಆ ಗುಂಪಿನೆದುರು ನಿಂತು ಕೂಗುತ್ತಾಳೆ. ನೂರು ಮರಿಗಳಲ್ಲಿ ತನ್ನದು ದನಿಯ ಗುರುತು ಹಿಡಿದು ಮುಂದೆ ಬರುತ್ತದೆ. ಡಿಸೆಂಬರ್ ಜನವರಿಯ ಹೊತ್ತಿಗೆ ಮರಿಗಳು ಕಡಲು ಸೇರುತ್ತವೆ.

ಊಟಕ್ಕೆ ಏನು? ಈ ಹಕ್ಕಿಗೆ ಮೀನೇ ಆಗಬೇಕೆಂಬ ಹಟವಿಲ್ಲ. ಮುಖ್ಯ ಆಹಾರವೆಂದರೆ ಕ್ರಿಲ್, ಅಂದರೆ ಸಿಗಡಿಯ ರೂಪದ, ಒಂದೆರಡು ಸೆಂಟಿಮೀಟರಿನ ಪುಟ್ಟ ಜೀವಿಗಳು. ಹಿಂಡು ಹಿಂಡಾಗಿ ತೇಲುವ ಇವನ್ನು ಒಂದೊಂದನ್ನಾಗಿಯೇ ಹಿಡಿದು ನುಂಗಬೇಕು. ಅನ್ನದ ಅಗುಳನ್ನು ಒಂದೊಂದಾಗಿ ಹೆಕ್ಕಿ ಹೊಟ್ಟೆ ತುಂಬಿಸಿಕೊಂಡ ಹಾಗೆ. ಅದರ ಜೊತೆಗೆ ಮಂಗಳೂರು ಕಾರವಾರದವರು ಬೊಂಡಾಸ್ ಎನ್ನುವ ಮೃದ್ವಂಗಿಯ ಮರಿಗಳು, ಸಣ್ಣ ಆಕ್ಟೋಪಸ್‌ಗಳು, ಮೈಮೇಲೆ ಬೆಳಕಿನ ಚುಕ್ಕೆಗಳಿರುವ ಆಳಗಡಲಿನ ಸಣ್ಣ ಮೀನುಗಳು. ಆಂಸ್ಟರ್‌ಡ್ಯಾಂನ ಹಕ್ಕಿಗಳ ಊಟದಲ್ಲಿ ಬೊಂಡಾಸ್‌ಗೂ ಒಳ್ಳೆಯ ಪಾಲುಂಟು. ಇದೆಲ್ಲ ತಿಳಿದದ್ದು ಹೇಗೆಂದು ಕೇಳಬಹುದು. ಕಡಲಿನಿಂದ ಬಂದ ಹಕ್ಕಿಯನ್ನು ಮೆಲ್ಲಗೆ ಹಿಡಿದು, ಹೊಟ್ಟೆಗೆ ಬೆಚ್ಚಗಿನ ನೀರು ತುಂಬಿ, ತಲೆಕೆಳಗು ಮಾಡಿ ಕಕ್ಕಿಸಿ, ಬಂದದ್ದನ್ನು ಜರಡಿ ಹಿಡಿದು ನೋಡುತ್ತಾರೆ. ಹಕ್ಕಿಗೆ ಒಂದು ಹೊತ್ತಿನ ಊಟ ನಷ್ಟ, ವಿಜ್ಞಾನಿಯ ಕೈಗೆ ಒಂದೆರಡು ಗಾಯ.

ಬೇಟೆ ಹಗಲಿನಲ್ಲಿ, ಕಣ್ಣಿನ ಬಲದಿಂದ. ಸಾಮಾನ್ಯವಾಗಿ ಮುಳುಗುವ ಆಳ ಇಪ್ಪತ್ತು ಮೂವತ್ತು ಮೀಟರಿನೊಳಗೆ, ಒಂದು ಮುಳುಗಿಗೆ ಒಂದು ನಿಮಿಷದಷ್ಟು ಕಾಲ. ದಿನಕ್ಕೆ ನೂರಾರು ಸಲ ಹೀಗೆ ಮುಳುಗೇಳಬೇಕು. ಬಾಯೊಳಗೆ, ನಾಲಗೆಯ ಮೇಲೆ, ಗಂಟಲ ಕಡೆಗೆ ಬಾಗಿದ ಮುಳ್ಳುಗಳುಂಟು. ಒಳಗೆ ಹೋದ ಜಾರುಮೈಯ ಬೇಟೆ ಹೊರಗೆ ಬರುವಂತಿಲ್ಲ. ಊಟದ ಜೊತೆಗೆ ಉಪ್ಪುನೀರೂ ಹೋಗುತ್ತದೆಯಲ್ಲ, ಅದಕ್ಕೂ ಉಪಾಯವಿದೆ. ಕಣ್ಣಿನ ಮೇಲ್ಗಡೆಯ ಗ್ರಂಥಿಯೊಂದು ರಕ್ತದಿಂದ ಹೆಚ್ಚಿನ ಉಪ್ಪನ್ನು ಸೋಸಿ ತೆಗೆಯುತ್ತದೆ. ಉಪ್ಪಿನ ಹನಿಗಳು ಕೊಕ್ಕಿನ ತುದಿಯಿಂದ ತೊಟ್ಟಿಕ್ಕುತ್ತವೆ, ಹಕ್ಕಿ ತಲೆ ಕೊಡವಿ ಅವನ್ನು ಸಿಡಿಸುತ್ತದೆ. ನೆಗಡಿಯೆಂದು ತಿಳಿಯಬೇಡಿ.

ಇಷ್ಟು ಜಾಣತನವಿರುವ ಹಕ್ಕಿಯ ಸಂಸಾರ ಸುಖವಾಗಿದೆಯೆ ಎಂದರೆ, ಇಲ್ಲ. ಗಾಫ್ ದ್ವೀಪದಲ್ಲಿ 1950ರ ದಶಕದಲ್ಲಿ ಲಕ್ಷಗಟ್ಟಲೆ ಇದ್ದ ಹಕ್ಕಿಗಳು ಐವತ್ತು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕರಗಿದವು. ಆಂಸ್ಟರ್‌ಡ್ಯಾಂನಲ್ಲಿ 1971ರಿಂದ 1993ರವರೆಗೆ ವರ್ಷಕ್ಕೆ ನೂರಕ್ಕೆ ಎರಡು ಮೂರರಂತೆ ಇಳಿದವೆಂದು ಎಣಿಸಿದವರ ಲೆಕ್ಕ. ಎರಡು ಮೂರು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಸಾಲದ ಚಕ್ರಬಡ್ಡಿ ತಿಳಿದವರು ಕಾಗದದ ಮೇಲೆ ಹಾಕಿ ನೋಡಿ. ಇಪ್ಪತ್ತೆರಡು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ ಆಸ್ತಿಯೇ ಹೋಗಿರುತ್ತದೆ. ಹಿಂದಿನ ಕಾಲದಲ್ಲಿ ಸೀಲ್ ಬೇಟೆಗಾರರೂ ಮೀನುಗಾರರೂ ಇವನ್ನು ಕೊಂದದ್ದುಂಟು, ಮೊಟ್ಟೆಯನ್ನು ಗೋಣಿ ತುಂಬಿ ಒಯ್ದದ್ದುಂಟು. ಟ್ರಿಸ್ಟನ್ನಿನವರು ತುರಾಯಿ ಸಮೇತ ಚರ್ಮ ಸುಲಿದು ಚಾಪೆ ಹೊಲಿಯುತ್ತಿದ್ದರು. ಆದರೆ ಗಾಫ್‌ನಲ್ಲಿ ಅಂಥ ಕೈ ಬಿದ್ದಿಲ್ಲ; ಅಲ್ಲಿಯೂ ಇಳಿದಿವೆ. ಹಾಗಾಗಿ ವಿಜ್ಞಾನಿಗಳ ಸಂಶಯ ಕಡಲಿನ ಮೇಲೆಯೇ ಹೆಚ್ಚು. ನೀರಿನ ಉಷ್ಣತೆ ಬದಲಾಗಿ ಕ್ರಿಲ್ಲಿನ ಹಿಂಡುಗಳು ಜಾಗ ಬದಲಿಸಿರಬಹುದು. ಅಮ್ಮ ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರದಲ್ಲಿ ಊಟ ಸಿಕ್ಕರೆ ಮರಿ ಉಳಿಯುತ್ತದೆ. ಎರಡು ದಿನದ ದಾರಿಗೆ ಹೋಗಬೇಕಾಗಿ ಬಂದರೆ ಉಳಿಯುವುದಿಲ್ಲ. ಲೆಕ್ಕ ಅಷ್ಟು ಸರಳ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಹಕ್ಕಿ ಅಪಾಯಕ್ಕೆ ಸಿಲುಕಿದವುಗಳ ಸಾಲಿಗೆ ಸೇರಿದೆ.

ಈ ನಿಧಾನದ ನಷ್ಟದ ನಡುವೆ ಒಂದು ದಿಢೀರನೆಯ ಅನಾಹುತ. 2011ರ ಮಾರ್ಚ್ 16ರ ಬೆಳಗಿನ ಜಾವ. ಬ್ರೆಜಿಲಿನಿಂದ ಸಿಂಗಪುರಕ್ಕೆ 65,000 ಟನ್ ಸೋಯಾಬೀನ್ ಹೊತ್ತು ಹೊರಟಿದ್ದ ಓಲಿವ ಎಂಬ ಹಡಗು, ಸುತ್ತ ಸಾವಿರಾರು ಮೈಲಿ ತೆರೆದ ಕಡಲಿರುವಾಗ, ನೈಟಿಂಗೇಲ್ ದ್ವೀಪದ ಮೂಲೆಗೆ ಹೋಗಿ ಬಡಿಯಿತು. ಹಡಗಿನ 22 ಜನರನ್ನೂ ಉಳಿಸಿದರು. ಎರಡು ದಿನದಲ್ಲಿ ಹಡಗು ಒಡೆಯಿತು. ಸುಮಾರು 1,500 ಟನ್ ದಪ್ಪ ಎಣ್ಣೆ ಕಡಲಿಗೆ ಹರಡಿ ದ್ವೀಪವನ್ನು ಸುತ್ತುವರಿಯಿತು. ಗರಿ ಬದಲಿಸುವ ಕಾಲ ಮುಗಿಯುತ್ತಿದ್ದ ಹೊತ್ತು ಅದು. ಬಹಳಷ್ಟು ಹಕ್ಕಿಗಳು ಆಗಲೇ ದೂರದ ಕಡಲಿಗೆ ಹೊರಟು ಹೋಗಿದ್ದವು, ಅದೊಂದು ಪುಣ್ಯ. ಉಳಿದವು, ವಾರಗಟ್ಟಲೆ ಹಸಿದು ಸೊರಗಿ, ಹೊಸ ಗರಿ ತೊಟ್ಟು, ಊಟಕ್ಕೆಂದು ನೀರಿಗೆ ಜಿಗಿದದ್ದು ಎಣ್ಣೆಯೊಳಗೆ.

ಗರಿಯ ಹೆಂಚು, ಅದರೊಳಗಿನ ಗಾಳಿಯ ಕಂಬಳಿ ಎಂದು ಹೇಳಿದೆನಲ್ಲ. ಎಣ್ಣೆ ತಗುಲಿದರೆ ಗರಿಗಳು ಜಡೆಗಟ್ಟುತ್ತವೆ, ತಣ್ಣೀರು ಚರ್ಮಕ್ಕೆ ಇಳಿಯುತ್ತದೆ. ಹಕ್ಕಿ ನಡುಗುತ್ತ ದಡಕ್ಕೆ ಬಂದು, ಅಭ್ಯಾಸದಂತೆ ಕೊಕ್ಕಿನಿಂದ ಗರಿ ಸರಿಪಡಿಸಲು ಹೋಗಿ ಆ ಎಣ್ಣೆಯನ್ನೇ ನುಂಗುತ್ತದೆ.

ಊರಿನವರು ದೋಣಿ ತೆಗೆದುಕೊಂಡು ಹೊರಟರು. ಕಡಲು ಬಿಟ್ಟುಕೊಟ್ಟ ದಿನಗಳಲ್ಲೆಲ್ಲ ಹೋಗಿ, ಎಣ್ಣೆ ಮೆತ್ತಿದ ಹಕ್ಕಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಮುಖ್ಯ ದ್ವೀಪಕ್ಕೆ ತಂದರು. ಹೀಗೆ ತಂದದ್ದು 3,700ಕ್ಕೂ ಹೆಚ್ಚು. ಇನ್ನೂರೈವತ್ತು ಜನರ ಊರಿಗೆ ಇಷ್ಟು ರೋಗಿಗಳು; ತಲೆಗೆ ಹದಿನಾಲ್ಕು ಹದಿನೈದು. ಷೆಡ್ಡುಗಳು ಆಸ್ಪತ್ರೆಯಾದವು. ಊರಿನ ಈಜುಕೊಳ ಪೆಂಗ್ವಿನ್‌ಗಳ ಸ್ನಾನದ ಮನೆಯಾಯಿತು. ಕೆಲಸ ಕಾರ್ಯ ಬಿಟ್ಟು ಹೆಂಗಸರು ಗಂಡಸರು ಎಲ್ಲರೂ ಒಂದೊಂದು ಹಕ್ಕಿಯನ್ನು ಹಿಡಿದು, ಕಚ್ಚಿಸಿಕೊಂಡು, ತೊಳೆದು, ಬಾಯಿ ಬಿಡಿಸಿ ಮೀನಿನ ಚೂರು ತುರುಕಿದರು. ತಮ್ಮ ಮನೆಗಳಲ್ಲಿ ಶೀತಪೆಟ್ಟಿಗೆಯಲ್ಲಿಟ್ಟಿದ್ದ ಮೀನನ್ನೂ ತಂದುಕೊಟ್ಟರು. ಹೊರಗಿನ ಪರಿಣತರು ಕೇಪ್‌ಟೌನಿನಿಂದ ಹಡಗೇರಿ ಬರಬೇಕಾಗಿತ್ತು. ಹಡಗಿನ ದಾರಿ ಎಷ್ಟೆಂದು ಆಗಲೇ ಹೇಳಿದ್ದೇನೆ. ಬಹುಪಾಲು ಹಕ್ಕಿಗಳು ಮೊದಲೇ ಹಸಿದು ಬಡಕಲಾಗಿದ್ದವು. ಕಡೆಗೆ ಬದುಕಿ ಕಡಲಿಗೆ ಮರಳಿದ್ದು ಹತ್ತರಲ್ಲಿ ಒಂದು, ನಾನೂರಕ್ಕೂ ಕಡಿಮೆ.

ಇಷ್ಟು ದುಡಿದವರಿಗೆ ಆ ಹಕ್ಕಿಯಿಂದ ಲಾಭವೇನೂ ಇರಲಿಲ್ಲ. ಊರಿನ ಜೀವನ ನಡೆಯುವುದು ಲಾಬ್‌ಸ್ಟರ್ ಎಂಬ ದೊಡ್ಡ ಕಡಲಸಿಗಡಿಯನ್ನು ಹಿಡಿದು ಹೊರಗೆ ಮಾರುವುದರಿಂದ. ಕಡಲ ತಳದಲ್ಲಿ ಸೋಯಾಬೀನ್ ಕೊಳೆಯುತ್ತ ಬಿದ್ದುದರಿಂದ ನೈಟಿಂಗೇಲ್ ಸುತ್ತಮುತ್ತ ಆ ಬೇಟೆಯನ್ನೂ ನಿಲ್ಲಿಸಬೇಕಾಯಿತು. ತಲೆತಲಾಂತರದಿಂದ ನೈಟಿಂಗೇಲ್‌ಗೆ ದೋಣಿಯಲ್ಲಿ ಹೋಗಿ ಪಿನ್ನಮಿನ್ ಮೊಟ್ಟೆ ತರುವುದು ಅವರಿಗೆ ಹಬ್ಬದಂಥ ಸಂಭ್ರಮ. ಅದನ್ನೂ ಅವರು ಆಗ ನಿಲ್ಲಿಸಿದರು. 2020ರ ನವೆಂಬರಿನಲ್ಲಿ ತಮ್ಮ ದ್ವೀಪಗಳ ಸುತ್ತಲಿನ 6,87,000 ಚದರ ಕಿಲೋಮೀಟರು ಕಡಲನ್ನು ರಕ್ಷಿತ ಪ್ರದೇಶವೆಂದು ಸಾರಿದರು. ಅದರ ಬಹುಪಾಲಿನಲ್ಲಿ ಮೀನುಗಾರಿಕೆಯೇ ಇಲ್ಲ. ನಮ್ಮ ಕರ್ನಾಟಕದ ಮೂರರಷ್ಟಕ್ಕಿಂತ ದೊಡ್ಡ ಕಡಲು ಅದು. ಅದಕ್ಕೆ ಕಾವಲು ಇನ್ನೂರೈವತ್ತು ಜನ.

ನಮ್ಮ ಎದುರುಮನೆಯ ಸುದ್ದಿಯನ್ನೂ ಹೇಳಿ ಮುಗಿಸುತ್ತೇನೆ. ಸೇಂಟ್ ಪಾಲ್‌ನಲ್ಲಿ ಹಡಗುಗಳಿಂದ ಇಳಿದು ಹೆಚ್ಚಿದ್ದ ಇಲಿಗಳನ್ನು 1990ರ ದಶಕದ ಕೊನೆಯಲ್ಲಿ ತೊಲಗಿಸಿದರು. 2019ರಲ್ಲಿ ಎರಡೂ ದ್ವೀಪಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2025ರ ಜನವರಿಯಲ್ಲಿ ಆಂಸ್ಟರ್‌ಡ್ಯಾಂಗೆ ಬೆಂಕಿ ಬಿದ್ದು, ಠಾಣ್ಯದವರನ್ನು ಹಡಗಿನಲ್ಲಿ ರಿಯೂನಿಯನ್ ದ್ವೀಪಕ್ಕೆ ಸಾಗಿಸಬೇಕಾಯಿತು. ದ್ವೀಪದ ಅರ್ಧದಷ್ಟು ಸುಟ್ಟಿತು. ಜನವರಿಯೆಂದರೆ ಮರಿಗಳು ಕಡಲಿಗಿಳಿದು, ದೊಡ್ಡವು ಗರಿ ಬದಲಿಸಲು ದಡಕ್ಕೆ ಬರುವ ತಿಂಗಳು. ಗರಿ ಬದಲಿಸಿದ ಮೇಲೆ ಅವು ಮತ್ತೆ ಕಡಲಿಗೆ ಹೋಗಿ ಅಲ್ಲೇ ಉಂಡು, ಅಲ್ಲೇ ಮಲಗಿ, ತಿಂಗಳುಗಟ್ಟಲೆ ನೆಲದ ಮುಖ ನೋಡದೆ ಇರುತ್ತವೆ. ನಮ್ಮಲ್ಲಿ ಶ್ರಾವಣದ ಮಳೆ ಹಿಡಿದಿರುವಾಗ ಗಂಡುಗಳು ಮೊದಲು ಬಂದು ಬಂಡೆ ಹತ್ತುತ್ತವೆ.